ಕೌದಿ ಹಿಂಡುವ ಲೆಕ್ಕ

ಮಾದನಾಯಕನಹಳ್ಳಿಯ ಆ ವಠಾರದಲ್ಲಿ ತೊಟ್ಟಿ ತುಂಬ ನೀರು ಸಿಗುವುದು ಭಾನುವಾರ ಮಾತ್ರ. ಹಾಗಾಗಿ ಮಾರನೆಯ ದಿನ ಗಣಿತದ ಪರೀಕ್ಷೆಯಿದ್ದರೂ ಮಹಾನಂದಾ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಳು. ನೆನೆಹಾಕಿದ್ದು ಎರಡು ಕೌದಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಅವ್ವ ಕೊಟ್ಟವು. ನೀರು ಕುಡಿದರೆ ಎಳೆಗರುವಿನಷ್ಟು ಭಾರ.

ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮದುವೆಯಾಗಿ ಕುಷ್ಟಗಿ ಕಡೆಯಿಂದ ಬಂದವಳು ಅವಳು. ಪೀಣ್ಯದಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ. ಸುತ್ತಿದ ತಂತಿಯೊಳಗೆ ಕರೆಂಟು ಏನು ಮಾಡುತ್ತದೆ ಎಂದು ಕೇಳಿದರೆ ಅಲ್ಲಿ ಯಾರೂ ಹೇಳಲಿಲ್ಲ. ಅದಕ್ಕೇ ಸಂಜೆ ಪಾಲಿಟೆಕ್ನಿಕ್ ಸೇರಿದ್ದಳು. ಆದರೆ ಗಣಿತ ಹೋಗುತ್ತಲೇ ಇತ್ತು. "ಈ ಸಲಾನೂ ಹೋದ್ರ ಸಾಕ್ ಮಾಡು. ದಿನಾ ಸಂಜಿ ಅಡಿಗಿ ತಡಾ ಆಗ್ತೈತಿ" ಎಂದು ಗಂಡ ಯಮನೂರ ಹೇಳಿಬಿಟ್ಟಿದ್ದ. ಒಲೆಯ ಮುಂದೆ ತಾನೂ ನಿಲ್ಲಬಹುದೆಂಬುದು ಅವನಿಗೆ ಹೊಳೆದಿರಲಿಲ್ಲ.

ಕಲ್ಲಿನ ಪಕ್ಕದ ಗೋಡೆಯ ಮೇಲೆ ಅವಳು ಸೀಮೆಸುಣ್ಣದಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದಳು: 14 + 5i ಯನ್ನು 3 + 2i ಯಿಂದ ಭಾಗಿಸಿ. i ಎಂಬುದು ವಿಚಿತ್ರ ಸಂಖ್ಯೆ. ಅದನ್ನು ಅದರಿಂದಲೇ ಗುಣಿಸಿದರೆ ಮೈನಸ್ ಒಂದು. ಛೇದದಲ್ಲಿ ಅದು ಕೂತರೆ ಭಾಗಾಕಾರ ಮುಂದೆ ಸಾಗದು. ಛೇದವನ್ನು ಅದರ ಕಾಂಜುಗೇಟಿನಿಂದ ಗುಣಿಸಿದರೆ i ಹೋಗುತ್ತದೆ, ಆ ಜೋಡಿ ಸಂಖ್ಯೆ ಸಿಗಲು ಚಿಹ್ನೆ ಬದಲಿಸಿ ಎಂದಿದ್ದರು ಮೇಷ್ಟ್ರು. ಅವಳು ಎರಡೂ ಚಿಹ್ನೆ ಬದಲಿಸಿ –3 – 2i ಯಿಂದ ಗುಣಿಸಿದ್ದಳು. ಬಂದದ್ದು –5 – 12i. i ಅಲ್ಲೇ ಕೂತಿತ್ತು, ಇನ್ನಷ್ಟು ದಪ್ಪವಾಗಿ. ಯಾಕೆ ಹೋಗಲಿಲ್ಲ?

ಕೌದಿ ಹಿಂಡಲು ಜೊತೆಯಾಗುತ್ತಿದ್ದ ಪಕ್ಕದ ಮನೆಯ ಶೈಲಾ ಊರಿಗೆ ಹೋಗಿದ್ದಳು. "ರೀ, ಈ ತುದಿ ಹಿಡೀರಿ" ಎಂದು ಗಂಡನನ್ನೇ ಕರೆದಳು.

ಮೆಟ್ಟಿಲ ಮೇಲಿದ್ದ ಮನೆಯೊಡತಿ ಅಂಜಿನಮ್ಮ ನಕ್ಕಳು. "ಏನಮ್ಮಿ, ಗಂಡನ ಕೈಲೂ ಇಂಡಿಸ್ತೀಯಾ?"

"ಕೈ ಅವರಿಗೂ ಐತಲ್ರಿ, ಅಮ್ಮಾ."

ಯಮನೂರ ಎದುರು ನಿಂತು, ಅವಳ ಕೈ ತಿರುಗಿದತ್ತಲೇ ತಾನೂ ತಿರುಗಿಸಿದ. ಕೌದಿ ಸುಮ್ಮನೆ ಉರುಳಿತು, ಹನಿ ನೀರೂ ಬೀಳಲಿಲ್ಲ.

"ಉಲ್ಟಾ ರೀ!"

ಅವನು ತಾನೇ ಉಲ್ಟಾ ನಿಂತ. ಬೆನ್ನು ಮಾಡಿ, ಕೌದಿಯ ತುದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಯ ತಿರುವನ್ನೂ ಉಲ್ಟಾ ಮಾಡಿದ. ಕೌದಿ ಮತ್ತೆ ಉರುಳಿತು. ಅಂಜಿನಮ್ಮ ಬಿದ್ದು ಬಿದ್ದು ನಕ್ಕಳು.

"ಎರಡೂ ಬದಲ್ ಮಾಡಿದ್ರ ಮೊದಲಿನಂಗ ಆತಲ್ರಿ! ನಿಂತಿದ್ದು ಹಂಗ ನಿಲ್ರಿ, ತಿರುವು ಒಂದ ಬದಲ್..."

ಮಹಾನಂದಾ ಮಾತು ಅರ್ಧಕ್ಕೇ ನಿಲ್ಲಿಸಿ ಗೋಡೆಯತ್ತ ನೋಡಿದಳು. ಅವನು ಇತ್ತ ತಿರುಗಿ ಅವಳ ಕೈಗೆ ಎದುರಾಗಿ ತಿರುವಿದ. ನೀರು ದಬದಬ ಸುರಿಯಿತು.

ಮೂರು ಹಾಗೇ ನಿಲ್ಲಬೇಕು. 2i ಮಾತ್ರ ಎದುರು ತಿರುಗಬೇಕು. 3 – 2i. ಕೌದಿಯನ್ನು ಕಲ್ಲಿನ ಮೇಲೆ ಬಿಟ್ಟು ಸೀಮೆಸುಣ್ಣ ಹಿಡಿದಳು. ಛೇದದಲ್ಲಿ ಒಂಬತ್ತು, ನಾಲ್ಕು ಸೇರಿ ಹದಿಮೂರು, i ಮಾಯ! ಅಂಶವನ್ನೂ ಅದರಿಂದಲೇ ಗುಣಿಸಿದಳು: 52 – 13i. ಹದಿಮೂರರಿಂದ ಭಾಗಿಸಿದರೆ 4 – i. ನಂಬಿಕೆ ಬರದೆ ಅದನ್ನು 3 + 2i ಯಿಂದ ಗುಣಿಸಿ ನೋಡಿದಳು. 14 + 5i ಮರಳಿ ಬಂತು.

ಕೈ ಒರೆಸಿಕೊಂಡು ಚಹಾ ಅಂಗಡಿಗೆ ಹೊರಟಿದ್ದ ಯಮನೂರ. "ಎಲ್ಲಿಗ್ರೀ? ಕೆಳಗ ಗುಣಿಸಿದ್ದನ್ನ ಮ್ಯಾಲೂ ಗುಣಿಸಬೇಕು. ಇನ್ನೊಂದು ಕೌದಿ ಐತಿ."

ಅವನು ಗೊಣಗುತ್ತ ಬಂದ. ಹಿಂಡುತ್ತ ಹಿಂಡುತ್ತ ಗೋಡೆ ನೋಡಿದ. "ಅಲ್ಲಾ, ಆ ಐ ಎಲ್ಲಿ ಹೋತು?"

"ಹೇಳ್ತೀನಿ. ಗಟ್ಟಿ ಹಿಡೀರಿ."

ಆ ಸಲ ಗಣಿತ ಹೋಗಲಿಲ್ಲ. ಸಂಜೆಯ ತರಗತಿ ಮುಂದುವರಿಯಿತು. ಅವಳು ಬರುವಷ್ಟರಲ್ಲಿ ಯಮನೂರ ಅನ್ನಕ್ಕಿಡತೊಡಗಿದ; ಬಹಳ ದಿನ ಅದು ಗಂಜಿಯಂತೆಯೇ ಇತ್ತು.