ಗೋಡೆ ಕಟ್ಟಿಕೊಂಡ ಜೀವಕೋಶ

ಬಸವಣ್ಣನನ್ನು ನಂಬಿದ ಅಕ್ಕ ಅಣ್ಣಂದಿರೇ, ಇದನ್ನು ನಿಮಗೆ ಹೇಳದೆ ನನಗೆ ಊಟ ರುಚಿಸುತ್ತಿಲ್ಲ. ಹೋದ ಶ್ರಾವಣದಲ್ಲಿ ನಮ್ಮ ಮನೆಯವರಿಗೆ ಕೆಮ್ಮು ಹಿಡಿಯಿತು. ಸಿಂದಗಿಯ ದಾಲ್‌ಮಿಲ್ಲಿನಲ್ಲಿ ತೊಗರಿ ಸ್ವಚ್ಛ ಮಾಡುವ ಮಷೀನಿನ ಮುಂದೆ ಅವರ ಕೆಲಸ. ಮಾತ್ರೆ, ಕಷಾಯ ಯಾವುದಕ್ಕೂ ಕೆಮ್ಮು ಜಗ್ಗಲಿಲ್ಲ. ಕೊನೆಗೆ ಅಲ್ಲಿಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು. ವರದಿ ಬಂದ ದಿನ ದನಿ ತಗ್ಗಿಸಿ ಮಾತಾಡಿದರು.

"ಜೀವಕೋಶ ಯಾಕೋ ವಿಕಾರ ಕಾಣಾಕತ್ತಾವು. ಕ್ಯಾನ್ಸರ್ ಇರಬಹುದು ಅಂತ ಸಂಶಯ ಐತಿ. ಬಿಜಾಪುರಕ್ಕ ಹೋಗ್ರಿ, ತಡಾ ಮಾಡಬ್ಯಾಡ್ರಿ."

ಕಫ ಬಳಿದ ಗಾಜಿನ ಪಟ್ಟಿಯನ್ನು ಡಬ್ಬಿಯಲ್ಲಿಟ್ಟು ನಮ್ಮ ಕೈಗೇ ಕೊಟ್ಟರು. ನಮ್ಮೂರು ಮೋರಟಗಿ. ಸಿಂದಗಿಗೆ ಬಂದು ಬಿಜಾಪುರದ ಬಸ್ಸು ಹತ್ತಿದೆವು. ಡಬ್ಬಿ ನನ್ನ ಮಡಿಲಲ್ಲಿತ್ತು. ಮನೆಯಲ್ಲಿ ಬಾಯಿ ಮುಚ್ಚದ ಮನುಷ್ಯ ಕಿಟಕಿ ಪಕ್ಕ ಕುಳಿತು ಒಂದು ಮಾತೂ ಆಡಲಿಲ್ಲ. ಆ ಮೌನ ಕಂಡೇ ನಾನು ಅರ್ಧ ಸತ್ತಿದ್ದೆ.

ನನ್ನ ತವರು ಗೊಳಸಂಗಿ. ಚಿಕ್ಕವಳಿದ್ದಾಗಿನಿಂದ ಬಾಗೇವಾಡಿ ಬಸವಣ್ಣನೇ ನನಗೆ ತಂದೆ, ಜಗಳ ತೆಗೆಯುವುದೂ ಅವನ ಜೊತೆಗೇ. ದೇವರ ಹಿಪ್ಪರಗಿಯಲ್ಲಿ ಬಸ್ಸು ನಿಂತಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಯಪ್ಪಾ ಬಸವಣ್ಣ, ಆ ಕೆಟ್ಟ ಕೋಶ ಇವರದು ಆಗಬಾರದು. ಬ್ಯಾರೆ ಯಾರದರ ಆಗಲಿ" ಅಂದೆ. ಅಂದವಳೇ ನಾಲಿಗೆ ಕಚ್ಚಿಕೊಂಡೆ. ಇನ್ನೊಬ್ಬರ ಮನೆಗೆ ಬೆಂಕಿ ಬೇಡುವುದು ಯಾವ ಭಕ್ತಿ? "ತಪ್ಪಾತು. ಯಾವ ಮನಷ್ಯಾರದೂ ಆಗೂದು ಬ್ಯಾಡ" ಅಂತ ತಿದ್ದಿಕೊಂಡೆ. ಮನುಷ್ಯನ ಕಫದಲ್ಲಿ ಮನುಷ್ಯನದಲ್ಲದ ಕೋಶ ಎಲ್ಲಿಂದ ಬರಬೇಕು ಅಂತ ನನಗೇ ಅನ್ನಿಸಿತು.

ಬಿಜಾಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಆ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ಇವರನ್ನು ಕೇಳಿದರು: "ಕಫ ಕೊಡೂಕಿಂತ ಮದ್ಲ ಏನ್ ತಿಂದಿದ್ರಿ?"

"ಏನೂ ತಿಂದಿಲ್ರಿ. ಬಾಯಾಗ ಏನೂ ಹಾಕ್ಕೋಬ್ಯಾಡ್ರಿ ಅಂತ ಲ್ಯಾಬಿನವರು ಹೇಳಿದ್ರು."

"ನೆನಪ ಮಾಡ್ಕೋರಿ. ತಪ್ಪಲ ಪಲ್ಯಾ ಏನರ?"

"ಇಲ್ರಿ. ಪೂಜಿ ಮಾಡಿ ಪತ್ರಿ ತಗೊಂಡಿದ್ದೆ, ಅಷ್ಟ."

"ಅಂದ್ರ ಎಲಿ ತಿಂದೀರಿ."

"ತಿಂದಿಲ್ರಿ. ಪ್ರಸಾದ ತಗೊಂಡೇನಿ." ಇವರಿಗೆ ಸಿಟ್ಟೇ ಬಂತು.

ನಮ್ಮಲ್ಲಿ ಲಿಂಗಪೂಜೆ ಮುಗಿಸಿ ಬಿಲ್ವಪತ್ರಿಯ ಒಂದು ದಳವನ್ನು ಬಾಯಿಗೆ ಹಾಕಿಕೊಳ್ಳುತ್ತೇವೆ. ಅದನ್ನು ತಿಂದೆವು ಅಂತ ಯಾರೂ ಅನ್ನುವುದಿಲ್ಲ. ಉಪವಾಸದ ದಿನವೂ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಇವರು ಲ್ಯಾಬಿನವರಿಗೆ ಸುಳ್ಳೇನೂ ಹೇಳಿರಲಿಲ್ಲ.

ಮೇಡಂ ನಕ್ಕು, ಬಂದು ನೋಡಿ ಅಂತ ಕರೆದರು. ಇವರು ಚಪ್ಪಲಿ ಕಳಚಿಟ್ಟು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. "ಸುತ್ತ ದಪ್ಪ ಗ್ವಾಡಿ ಕಾಣತೈತಿಲ್ರಿ? ಅದು ಗಿಡದ ಕೋಶ. ಒಳಗ ದೊಡ್ಡ ನೀರಿನ ಚೀಲ ಇರ್ತೈತಿ, ಕೋಶಕೇಂದ್ರ ಮೂಲಿಗೆ ಸರದಿರತೈತಿ. ಕಫದಾಗ ಸಿಕ್ಕರ ಹೊಸಬರು ಹೆದರತಾರ." ಆಮೇಲೆ ಇವರ ಗಲ್ಲದ ಒಳಗೆ ಕಡ್ಡಿಯಿಂದ ಸವರಿ, ಬಣ್ಣ ಹಾಕಿ ಅದನ್ನೂ ತೋರಿಸಿದರು. "ಇದು ನಿಮ್ಮದು. ಕೋಶಕೇಂದ್ರ ಇದಕ್ಕೂ ಐತಿ, ಆದ್ರ ಗ್ವಾಡಿ ಇಲ್ಲ, ಬರೇ ತೆಳ್ಳನ ಪೊರಿ. ಎಲಿಗೆ ಪೊರಿನೂ ಐತಿ, ಮ್ಯಾಲ ಗ್ವಾಡಿನೂ ಐತಿ. ಹಸರ ಕಣ ಇರೂದ್ರಿಂದ ತನ್ನ ಅಡಿಗಿ ತಾನ ಮಾಡ್ಕೋತೈತಿ. ನಿಮಗ ರೊಟ್ಟಿ ಬಡದು ಹಾಕವರು ಬೇಕು."

ಅದು ಗಿಡದ್ದು, ಯಾವ ಮನುಷ್ಯರದೂ ಅಲ್ಲ. ನಾನು ಬಸ್ಸಿನಲ್ಲಿ ಬೇಡಿದ್ದು ಅಕ್ಷರಕ್ಕೆ ಅಕ್ಷರ ನಡೆದಿತ್ತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅತ್ತೆನೋ ನಕ್ಕೆನೋ ತಿಳಿಯದು.

ಮೇಡಂ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಎದೆಯ ಸ್ಕ್ಯಾನ್ ಬರೆದರು. ಮರುದಿನ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಪೂಜೆಗಿಂತ ಮೊದಲು ಮತ್ತೆ ಕಫ ಕೊಡಬೇಕು ಅಂದರು. ಪೂಜೆಗಿಂತ ಮೊದಲೇ ಅಂದದ್ದಕ್ಕೆ ಇವರು ಮುಖ ಸಣ್ಣ ಮಾಡಿದರು. "ಬಸವಣ್ಣ ಕಾಯ್ತಾನ, ಬಿಡ್ರಿ" ಅಂದೆ.

ಕಾಯ್ದ. ಎರಡನೆಯ ಕಫದಲ್ಲಿ ಇವರ ಕೋಶಗಳಷ್ಟೇ ಇದ್ದವು, ಎಲ್ಲವೂ ಸರಿಯಾಗಿದ್ದವು. ಸ್ಕ್ಯಾನಿನಲ್ಲೂ ಗಡ್ಡೆ ಇರಲಿಲ್ಲ. ಕೆಮ್ಮು ದಾಲ್‌ಮಿಲ್ಲಿನ ಧೂಳಿನದು. ಈಗ ಬಾಯಿಗೆ ಮಾಸ್ಕು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾರೆ, ಇನ್‌ಹೇಲರಿನಿಂದ ಔಷಧಿ ಎಳೆದುಕೊಳ್ಳುತ್ತಾರೆ, ಮೊದಲಿನ ಹಾಗೆ ಮಾತಾಡಿ ತಲೆ ತಿನ್ನುತ್ತಾರೆ.

"ಅಲ್ಲ ವೈನಿ, ಪತ್ರಿ ಕೊಟ್ಟು ಹೆದರಿಸಿದವನೂ ಅವನ, ನೀ ಕೈ ಮುಗಿಯೂದೂ ಅವನಿಗೇ?" ಅಂತ ನಾದಿನಿ ಕಾಡಿದಳು. ಹೌದು, ಅವನಿಗೇ. ಹೆದರದಿದ್ದರೆ ನಾವು ಬಿಜಾಪುರದ ಹಾದಿ ಹಿಡಿಯುತ್ತಲೇ ಇರಲಿಲ್ಲ, ಎದೆಗೆ ಧೂಳು ಹೊಕ್ಕದ್ದು ಗೊತ್ತಾಗುತ್ತಲೇ ಇರಲಿಲ್ಲ. ಭಜನೆಯಲ್ಲಿ "ಪೊರೆಯೋ ತಂದೆ" ಅಂತ ಎಷ್ಟೋ ಸಲ ಹಾಡಿದ್ದೇನೆ. ಎಲೆಗೆ ಗೋಡೆ ಕೊಟ್ಟವನು ನಮಗೆ ಬರೀ ಪೊರೆ ಕೊಟ್ಟು, ಪೊರೆಯುವ ಕೆಲಸವನ್ನು ತಾನೇ ಇಟ್ಟುಕೊಂಡಿದ್ದಾನೆ ಅಂತ ಈಗ ತಿಳಿಯಿತು.

ಇಷ್ಟು ಬರೆದು ಇವರಿಗೆ ಓದಿ ಹೇಳಿದೆ. ಕೋಶ, ಗೋಡೆ, ಪೊರೆ ಎಲ್ಲವನ್ನೂ ಸಮಾಧಾನದಿಂದ ಕೇಳಿ ಅಂದರು:

"ನಾ ಉಳಿದೇನಿ ಅಂತ ಮದ್ಲ ಬರಿ. ಉಳಿದದ್ದು ಆಮ್ಯಾಲ ಬರದರಾತು."