ಮುತ್ತಕ್ಕನ ಮೂರು ಕೂಗು

ಮುತ್ತಕ್ಕನ ಬಾಯಲ್ಲಿರುವ ಎಲೆಯಡಿಕೆ ಮುಗಿಯುವವರೆಗೆ ಪೊಲೀಸ್ ಸಾಹೇಬರೂ ತುಟಿ ಬಿಚ್ಚುವಂತಿರಲಿಲ್ಲ. ಘಟ್ಟದ ಕಾಡಿನಲ್ಲಿ ಕಾಣೆಯಾದವರನ್ನು ಹುಡುಕಲು ಹೊರಟವರಿಗೆಲ್ಲ ಆಕೆ ಹಾಕಿದ್ದ ಕಟ್ಟಳೆ ಅದು. ಒಂದು ದಿಬ್ಬ ಹತ್ತಿದ ಕೂಡಲೇ ಅಂಗೈಗಳನ್ನು ಬಾಯಿಯ ಎರಡು ಬದಿಗೆ ಹಿಡಿದು, ಕಾಣೆಯಾದವರ ಹೆಸರನ್ನು ಒಂದೇ ಒಂದು ಸಲ ಉದ್ದಕ್ಕೆ ಕೂಗುವುದು. ಆಮೇಲೆ ಬಂಡೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಳ್ಳುವುದು. ಅದನ್ನು ಜಗಿದು ಉಗುಳುವಷ್ಟು ಹೊತ್ತು ಯಾರೂ ಮಾತಾಡಬಾರದು, ಕೆಮ್ಮಬಾರದು, ತರಗೆಲೆಯ ಮೇಲೆ ಕಾಲು ಸರಿಸಲೂ ಬಾರದು.

"ನಾವೇ ಬೊಬ್ಬೆ ಹೊಡಿತಾ ಇದ್ರೆ ಬಿದ್ದವ ಕೂಗಿದ್ದ್ ಕೇಂಬುದ್ ಯಾರಿಗ್? ಒಂದ್ ಪಾಲ್ ಬಾಯಿ, ಹತ್ತ್ ಪಾಲ್ ಕೆಮಿ" ಎನ್ನುತ್ತಿದ್ದಳು. ಕೆಮಿ ಎಂದರೆ ನಮ್ಮ ಕಡೆ ಕಿವಿ.

ಬೈಂದೂರಿನಿಂದ ಮೂಡಕ್ಕೆ, ಘಟ್ಟದ ಬುಡದಲ್ಲಿ ಅವಳ ಮನೆ. ಉಪ್ಪಾಗೆ, ಮುರುಗಲುಗಳ ಕಾಲದಲ್ಲಿ ಹಣ್ಣು ಕೊಯ್ದು, ಸಿಪ್ಪೆ ಒಣಗಿಸಿ ಪೇಟೆಗೆ ತಂದು ಮಾರುತ್ತಿದ್ದಳು. ಸೀರೆಯ ಮೇಲೊಂದು ಗಂಡಸರ ಅಂಗಿ, ತಲೆಗೆ ಸುತ್ತಿದ ಚೌಕುಳಿ ಬೈರಾಸು, ಸೊಂಟದಲ್ಲಿ ಕತ್ತಿ, ಕಾಲಿಗೆ ಹವಾಯಿ ಚಪ್ಪಲಿ. ಎತ್ತರ ಎಂದರೆ ನನ್ನ ಭುಜದಷ್ಟು. ಆದರೆ ಮರ ಹತ್ತುವುದರಲ್ಲಿ ಮಂಗನೂ ಅವಳ ಮುಂದೆ ಎರಡನೆಯದು ಎಂದು ಊರವರು ತಮಾಷೆ ಮಾಡುತ್ತಿದ್ದರು. ಬೇಸಗೆಯಲ್ಲಿ ಯಾವ ಕಲ್ಲಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ಯಾವ ದಾರಿ ಅರ್ಧಕ್ಕೆ ಹೋಗಿ ಮೋಸ ಮಾಡುತ್ತದೆ ಎಲ್ಲವೂ ಅವಳಿಗೆ ಗೊತ್ತಿತ್ತು.

ಹಳೆಯ ಕೂಪಿನ ದಾರಿ ಒಂದಿದೆ, ಹಿಂದೆ ಮರ ಸಾಗಿಸುವ ಲಾರಿಗಳು ಓಡಾಡಿದ್ದು. ಮಳೆ ಬಿಡುತ್ತಿದ್ದಂತೆ ಎಲ್ಲೆಲ್ಲಿಂದಲೋ ಬೈಕು, ಜೀಪುಗಳಲ್ಲಿ ಬರುವ ಹುಡುಗರಿಗೆ ಅದೇ ಆಟದ ಬಯಲು. ಆಟ ಮುಗಿಯುವುದು ಕೆಲವೊಮ್ಮೆ ಹಳ್ಳದಲ್ಲಿ. ಹಾಗಾದಾಗ ಮೊದಲ ಫೋನು ಹೋಗುವುದು ಮುತ್ತಕ್ಕನ ಮನೆಗೆ. ಏಳೆಂಟು ಮಂದಿ ಯುವಕರನ್ನು ಕಟ್ಟಿಕೊಂಡು, ಮೀನಿನ ದೋಣಿಯ ಹಗ್ಗ, ಎರಡು ಗಳ, ಒಂದು ಕಂಬಳಿ, ಒಂದು ತೂಕುಪಾತ್ರೆ ತುಂಬ ಗಂಜಿತಿಳಿ ಹಿಡಿದು ಹೊರಡುತ್ತಿದ್ದಳು. ಇಷ್ಟೇ ಅವಳ ಸರಂಜಾಮು.

ಒಮ್ಮೆ ಇಬ್ಬರು ವಿದ್ಯಾರ್ಥಿಗಳ ಜೀಪು ಮಗುಚಿ, ಗಾಬರಿಯಲ್ಲಿ ಅವರು ಕಾಡಿನೊಳಗೆ ನಡೆದು ದಿಕ್ಕು ತಪ್ಪಿದ್ದರು. ಹುಡುಕಲು ಡ್ರೋನ್ ತಂದಿದ್ದರು. ಅದು ತಲೆಯ ಮೇಲೆ ಗುಂಯ್‌ಗುಡುತ್ತ ಸುತ್ತಿದ್ದೇ ಸುತ್ತಿದ್ದು. ಮುತ್ತಕ್ಕ ಸ್ವಲ್ಪ ಹೊತ್ತು ನೋಡಿ, ಅದನ್ನು ಹಾರಿಸುತ್ತಿದ್ದವನಿಗೆ ಹೇಳಿದಳಂತೆ: "ಹ್ವಾಯ್, ಆ ಹುಳುವನ್ನ್ ಒಂಚೂರ್ ಕೆಳಗ್ ಇಳ್ಸಿ ಕಾಂಬ. ನಿಮ್ಗ್ ಕಣ್ಣ್ ಸಾಕ್, ನಂಗ್ ಕೆಮಿ ಬೇಕ್." ಅದು ಇಳಿಯಿತು. ಅವಳು ಕೂಗಿದಳು, ಎಲೆ ಜಗಿದಳು. ಎಲೆ ಮುಗಿಯುವ ಮೊದಲೇ ಬಲಗಡೆಯ ಕಣಿವೆಯಿಂದ ಅಳು ಕೇಳಿಸಿತು. ಈ ಕತೆಯನ್ನು ಬೈಂದೂರಿನ ಚಹಾದಂಗಡಿಗಳಲ್ಲಿ ನಾನು ನೂರು ಸಲ ಕೇಳಿದ್ದೇನೆ, ಹೇಳಿದ್ದೇನೆ.

ಆದರೆ ಅವಳ ಒಂದು ಕೂಗಿನ ಕಟ್ಟಳೆಯನ್ನು ಮುರಿಸಿದವನು ನಾನೇ.

ಬೈಂದೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಹೊಸ ಬೈಕು ಕೊಂಡ ಹುರುಪಿನಲ್ಲಿ ಒಂದು ಭಾನುವಾರ, ಹಾಲಾಡಿಯಲ್ಲಿ ಮದುವೆಯ ಫೋಟೋ ತೆಗೆಯಲಿಕ್ಕಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ, ಒಬ್ಬನೇ ಕೂಪಿನ ದಾರಿ ಹತ್ತಿದೆ. ಹಾವಸೆ ಕಟ್ಟಿ ಜಾರುತ್ತಿದ್ದ ಮುರಕಲ್ಲಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಹಳ್ಳದ ಆಳದಲ್ಲಿದ್ದೆ. ಬಲಗಾಲು ಮುರಿದಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಮನೆಯವರು ಇಡೀ ರಾತ್ರಿ ಹಾಲಾಡಿಯ ಸುತ್ತಮುತ್ತ ಹುಡುಕಿದರು. ಮರುದಿನ ಬೆಳಿಗ್ಗೆ ದನ ಮೇಯಿಸುವವರೊಬ್ಬರು ಕೆಂಪು ಬೈಕು ಘಟ್ಟದ ಕಡೆ ಹೋದದ್ದನ್ನು ಹೇಳಿದ ಮೇಲೆ ಮುತ್ತಕ್ಕನಿಗೆ ಕರೆ ಹೋಯಿತು.

ಆ ಮಧ್ಯಾಹ್ನ ಮಂಜು ಮುಸುಕಿತ್ತು. ಜ್ವರದಲ್ಲಿ ನನ್ನ ನಾಲಗೆ ಒಣಗಿ ಅಂಟಿಕೊಂಡಿತ್ತು. ಆಗ ಮೇಲಿನಿಂದ ಒಂದು ಹೆಣ್ಣು ದನಿ, ಉದ್ದಕ್ಕೆ: "ರಾಘೂ..."

ಆಮೇಲೆ ನಿಶ್ಶಬ್ದ. ಎಲೆ ಅಲುಗಿದ ಸದ್ದೂ ಇಲ್ಲ.

ನನ್ನನ್ನು ಸಾಕಿದ್ದು ಮರವಂತೆಯ ಅಜ್ಜಿ. ಅವಳು ಅನ್ನದ ಜೊತೆ ಕಲಸಿ ಉಣ್ಣಿಸಿದ ಮಾತೊಂದಿತ್ತು: "ಮಟಮಟ ಮಧ್ಯಾಹ್ನ ಒಬ್ನೇ ಇಪ್ಪತಿಗೆ ಹೆಸ್ರ್ ಹಿಡ್ದ್ ಒಂದ್ ಸಲ ಕರದ್ರೆ ಓ ಅಂಬುಕಿಲ್ಲೆ ಮಗಾ. ಅದು ಒಂದೇ ಸಲ ಕರಿತ್. ಮೂರ್ ಸಲ ಕರದ್ರೆ ಮನ್ಷ್ರೇ." 'ಅದು' ಎಂದರೆ ದೆವ್ವ. ನಗಬೇಡಿ. ಬಿ.ಕಾಂ. ಓದಿದ ನಾನು, ಸಾಯುವ ಸ್ಥಿತಿಯಲ್ಲಿ, ನನ್ನ ಜೀವ ಉಳಿಸಲು ಬಂದ ದನಿಗೆ ಓ ಅನ್ನದೆ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಮಲಗಿದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ ಇನ್ನೂ ದೂರದಿಂದ ಒಂದು ಸಲ ಕೇಳಿತು. ಸ್ಥಳ ಬದಲಿಸುತ್ತಿದೆ, ಹಾಗಾದರೆ ಅದೇ ಸೈ ಎಂದು ಮತ್ತಷ್ಟು ಮುದುಡಿಕೊಂಡೆ.

ಮೇಲೆ ನಡೆದದ್ದನ್ನು ಹುಡುಕುವವರ ಜೊತೆಗಿದ್ದ ನನ್ನ ಭಾವ ಆಮೇಲೆ ಹೇಳಿದ. ಮುಂದಿನ ದಿಬ್ಬಕ್ಕೆ ಹೋಗುತ್ತಿದ್ದ ಮುತ್ತಕ್ಕ ಫಕ್ಕನೆ ನಿಂತು ಅವನನ್ನು ಕೇಳಿದಳು: "ಹುಡ್ಗನ್ನ್ ಸಾಕಿದ್ದ್ ಯಾರ್?"

"ಅವ್ನ್ ಅಜ್ಜಿ. ಮರವಂತಿಯವ್ರ್."

"ಅದನ್ನ್ ಮೊದ್ಲೇ ಹೇಳುಕಾಗ್ದಾ? ಅಜ್ಜಿ ಸಾಕಿದ್ ಮಕ್ಳ್ ಒಂದ್ ಕೂಗಿಗ್ ಓ ಅಂತ್ವಾ? ಎಲ್ಲಾ ವಾಪಸ್ ತಿರ್ಗಿ."

ಮತ್ತೆ ಮೊದಲಿನ ದಿಬ್ಬಕ್ಕೇ ಬಂದರು. ಈ ಸಲ ಬೆನ್ನುಬೆನ್ನಿಗೆ ಮೂರು ಕೂಗು ಬಂತು. ಎರಡನೆಯದು ಕೇಳಿದಾಗಲೇ ನಾನು ಕರವಸ್ತ್ರ ಕಿತ್ತು ಕಾಯುತ್ತಿದ್ದೆ. ಮೂರನೆಯದಕ್ಕೆ "ಓ" ಎಂದವನು ಹಾಗೇ ಅತ್ತುಬಿಟ್ಟೆ.

ಹಗ್ಗ ಹಿಡಿದು ಮೊದಲು ಇಳಿದವಳು ಅವಳೇ. ಒಂದೂ ಬೈಗುಳವಿಲ್ಲ. ಗಂಜಿತಿಳಿ ಕುಡಿಸಿದಳು, ಕಾಲಿಗೆ ಬಿದಿರಿನ ಸೀಳು ಕಟ್ಟಿದಳು, ಕಂಬಳಿಯಲ್ಲಿ ಮಲಗಿಸಿದಳು. ಕಾಡಿನಲ್ಲಿ ಬೈದರೆ ಬಿದ್ದವನ ಧೈರ್ಯ ಇಳಿದುಹೋಗುತ್ತದೆ, ಬೈಯುವುದೆಲ್ಲ ಡಾಂಬರು ರಸ್ತೆ ಮುಟ್ಟಿದ ಮೇಲೆ ಎನ್ನುವುದು ಅವಳ ಇನ್ನೊಂದು ಕಟ್ಟಳೆ. ಡಾಂಬರು ಮುಟ್ಟಿದೆವು. ಆಂಬುಲೆನ್ಸಿನ ಬಾಗಿಲು ಹಿಡಿದು ಹೇಳಿದಳು: "ಹೆಂಡ್ತಿಗ್ ಬೇರೆ ಎಂತ ಸುಳ್ಳ್ ಹೇಳ್ರೂ ಅಡ್ಡಿಲ್ಲೆ. ಹೋಪ ದಾರಿದ್ ಸುಳ್ಳ್ ಹೇಳುಕಿಲ್ಲೆ." ಆಮೇಲೆ ದನಿ ತಗ್ಗಿಸಿ, "ತಪ್ಪ್ ನಂದೂ ಇತ್ತ್. ಊರಿನ ಹುಡ್ಗ ಅಂದೇಳಿ ನೆನ್ಪ್ ಮಾಡ್ಕಣ್ಕಿತ್ತ್" ಎಂದಳು.

ಎಷ್ಟೋ ವರ್ಷ ನಡೆಸಿಕೊಂಡು ಬಂದ ಕಟ್ಟಳೆಯನ್ನು ಅವಳು ಅಂದೇ ಬದಲಿಸಿದಳು. ಊರವರಿರಲಿ, ಪರವೂರವರಿರಲಿ, ಮೂರು ಕೂಗು, ಆಮೇಲೆ ಎಲೆ. ತಾನು ಹಿಡಿದದ್ದೇ ಸರಿ ಎನ್ನುವ ದೊಡ್ಡವರನ್ನು ಬಹಳ ನೋಡಿದ್ದೇನೆ. ಹೀಗೆ ಎಲ್ಲರೆದುರು ತಪ್ಪು ಒಪ್ಪಿಕೊಂಡು ತಿದ್ದಿಕೊಂಡವರನ್ನು ಹೆಚ್ಚು ನೋಡಿಲ್ಲ. ಅವಳು ಹುಡುಕಿ ತಂದವರಲ್ಲಿ ನಾನೂ ಒಬ್ಬ ಎಂದು ಹೇಳಿಕೊಳ್ಳುವುದು ನನಗೆ ಇವತ್ತಿಗೂ ಹೆಮ್ಮೆ.

ಕಾಲು ನೆಟ್ಟಗಾದ ಮೇಲೆ ನಾನೂ ಅವಳ ಗುಂಪಿಗೆ ಸೇರಿದೆ. ಸ್ವಲ್ಪ ಕುಂಟುತ್ತೇನೆ, ಆದರೆ ಹಗ್ಗ ಹಿಡಿಯಲು ಅಡ್ಡಿಯಿಲ್ಲ. ಅವಳ ಮಂಡಿ ಸೋತ ಮೇಲೆ ಕೂಗುವ ಕೆಲಸ ನನಗೇ ಬಂತು. ಹೋದ ವರ್ಷ, ಬೈಕಿನಿಂದ ಬಿದ್ದು ಎರಡು ದಿನ ಕಾಡಿನಲ್ಲಿದ್ದ ಹುಡುಗಿಯೊಬ್ಬಳನ್ನು ಅವಳಿಲ್ಲದೆ ಹುಡುಕಿ ತಂದೆವು. ಅದನ್ನು ಹೇಳಲೆಂದೇ ಅವಳ ಮನೆಗೆ ಓಡಿದೆ. ಜಗಲಿಯಲ್ಲಿ ಆಚೆ ಮುಖ ಮಾಡಿ ಕೂತಿದ್ದಳು. ಅಂಗಳದಿಂದ "ಮುತ್ತಕ್ಕಾ" ಎಂದೆ. ತಿರುಗಲಿಲ್ಲ. ಮತ್ತೊಮ್ಮೆ ಕರೆದೆ, ಅಲುಗಲಿಲ್ಲ. ಅಷ್ಟು ಸೂಕ್ಷ್ಮದ ಕಿವಿಯೂ ಹೋಯಿತಲ್ಲ ಎಂದುಕೊಂಡೆ. ಮೂರನೆಯ ಸಲ ಕರೆದೆ.

"ಓ" ಎಂದಳು, ನಗುತ್ತ. "ಒಂದನೇದೇ ಕೆಮಿಗ್ ಬಿದ್ದಿತ್ತ್ ಮಗಾ. ಮೂರ್ ಆಯ್ಲಿ ಅಂದೇಳಿ ಕೂಕಂಡಿದ್ದೆ. ನಿನ್ನಿಂದ್ಲೇ ಕಲ್ತದ್ದ್."

ನಾವು ಮಾತಾಡಿದ್ದು ಅದೇ ಕೊನೆ. ಆ ವರ್ಷದ ಮಳೆಗಾಲ ದಾಟುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಈಗಲೂ ನಮ್ಮ ಗುಂಪು ದಿಬ್ಬ ಹತ್ತಿದರೆ ಮೂರು ಕೂಗು ಹಾಕುತ್ತದೆ. ಎಲೆ ಹಾಕುವ ಅಭ್ಯಾಸವಿಲ್ಲದ ನಾನು ಒಂದು ಎಲೆ ಜಗಿಯುತ್ತೇನೆ. ಸಾಹೇಬರೂ ಬಾಯಿ ಮುಚ್ಚಿ ಕೂರುತ್ತಾರೆ.

ಮೊನ್ನೆ ಆ ದಾರಿಯಾಗಿ ಬರುವಾಗ ಅವಳ ಅಂಗಳಕ್ಕೆ ಹೋದೆ. ಜಗಲಿ ಖಾಲಿಯಿತ್ತು. ರೂಢಿಯಂತೆ ಬಾಯಿಗೆ ಬಂತು, "ಮುತ್ತಕ್ಕಾ" ಎಂದು ಎರಡು ಸಲ ಕರೆದೆ. ಮೂರನೆಯದನ್ನು ಕರೆಯಲು ಧೈರ್ಯವಾಗಲಿಲ್ಲ.