ಮೊದಲ ಅಧ್ಯಾಯದಲ್ಲೇ ಸತ್ತವರು

ನಮ್ಮ ಓದುಬಳಗದಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಹೀಗಿದೆ: ಕಳೆದ ವರ್ಷ ದುರ್ಗಾಪೂಜೆಗೆ ಮುಂಚಿನ ಒಂದು ಭಾನುವಾರ, ಎಲ್ಲರೂ ಮೆಚ್ಚಿದ ಕಾದಂಬರಿಯೊಂದು ರೇಷ್ಮಾಗೆ ಹಿಡಿಸಲಿಲ್ಲ, ಅವಳು ಜಗಳ ತೆಗೆದು ಸಭೆ ಕೆಡಿಸಿದಳು. ರೇಷ್ಮಾ ಅಂದರೆ ನಾನೇ. ಈ ಕಥೆಯಲ್ಲಿ ಭಾನುವಾರ ಎನ್ನುವುದೊಂದು ನಿಜ. ಕಾದಂಬರಿ ನನಗೆ ಹಿಡಿಸಿತ್ತು. ಜಗಳ ಬೇರೆಯದಕ್ಕೆ.

ನಾನು ಬೆಂಗಳೂರಿನವಳು, ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಒಂದು ಆಫೀಸಿನಲ್ಲಿ ಕೆಲಸ. ಇಲ್ಲಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಜೋಕಾದ ಶೇಷಗಿರಿ ಅಂಕಲ್ ಮನೆಯಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಪುಸ್ತಕ ಯಾವ ಭಾಷೆಯದಾದರೂ ಸರಿ, ಮಾತು ಕನ್ನಡದಲ್ಲೇ ಇರಬೇಕು. ಇಲ್ಲೇ ಬೆಳೆದ ಮಕ್ಕಳ ಬಾಯಿಗೆ ಕನ್ನಡ ಬರಲಿ ಎಂದು ಮಾಡಿದ ನಿಯಮವಂತೆ. ಯಾರಾದರೂ ಒಂದು ಪೂರ್ತಿ ವಾಕ್ಯವನ್ನು ಬೇರೆ ಭಾಷೆಯಲ್ಲಿ ಆಡಿದರೆ ಅಂಕಲ್ ಪೂಜೆಯ ಗಂಟೆ ಬಾರಿಸುತ್ತಾರೆ. ಅಲ್ಲಿಗೆ ಅವರ ಸರದಿ ಮುಗಿಯಿತು.

ಆ ತಿಂಗಳದ್ದು ಬಹುಮಾನ ಬಂದ ಇಂಗ್ಲಿಷ್ ಕಾದಂಬರಿ. ನದಿಯ ದಡದ ಒಂದು ಮಹಾನಗರವನ್ನು ಸಮುದ್ರ ನುಂಗುತ್ತದೆ. ಎತ್ತರದ ಕಟ್ಟಡವೊಂದರಲ್ಲಿ ಉಳಿದುಕೊಂಡ ಕೆಲವರು ತಾರಸಿಯ ಮೇಲೆ ಬೀಜ ಬಿತ್ತಿ ಹೊಸ ಬದುಕು ಶುರುಮಾಡುತ್ತಾರೆ.

“ಮನುಷ್ಯನ ಹೋಪ್ ಬಗ್ಗೆ ಇಂಥ ಮಾಸ್ಟರ್‌ಪೀಸ್ ನಾನು ಓದೇ ಇಲ್ಲ ಕಣ್ರೀ,” ಎಂದರು ಶೇಷಗಿರಿ ಅಂಕಲ್.

“ಮೊಳಕೆ ಬರೋ ಜಾಗದಲ್ಲಿ ನಾನಂತೂ ಅತ್ತೇಬಿಟ್ಟೆ,” ಎಂದರು ಅವರ ಹೆಂಡತಿ ವಿಜಯಾ ಆಂಟಿ.

ನಾನೂ ಹೊಗಳಿದೆ. ಆಮೇಲೆ ದಿಶಾ ಎದ್ದು ನಿಂತಳು. ಕುಂದಾಪುರ ಕಡೆಯ, ಬ್ಯಾಂಕಿನಲ್ಲಿರುವ ಪ್ರಭಾಕರ ಅಂಕಲ್ ಮಗಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಪ್ಪನ ಒತ್ತಾಯಕ್ಕೆ ಬಂದು ಮೂಲೆಯಲ್ಲಿ ಕೂರುತ್ತಿದ್ದವಳು ಬಾಯಿ ಬಿಟ್ಟದ್ದು ಅಂದೇ ಮೊದಲು.

“ನಂಗೆ ಈ ಬುಕ್ ಮೇಲೆ ಕೋಪ ಇದೆ. ನದಿ ಹತ್ರ ಇರೋ ಜನ ಫಸ್ಟ್ ಚಾಪ್ಟರಲ್ಲೇ ಸಾಯ್ತಾರೆ. ಒಬ್ರಿಗೂ ಹೆಸರಿಲ್ಲ. ಆಮೇಲೆ ಮೇಲೆ ಇರೋರು... ಅವ್ರು...”

ಪದ ಸಿಗಲಿಲ್ಲ. “ನಮ್ಮ ಟ್ರಾಮು ನಿಂತೇಹೋಯ್ತಲ್ಲಪ್ಪ,” ಎಂದರು ಶೇಷಗಿರಿ ಅಂಕಲ್. ಎಲ್ಲರೂ ನಕ್ಕರು. ದಿಶಾ ಮುಖ ಕೆಂಪಾಗಿ, ಮುಂದಿನ ವಾಕ್ಯವನ್ನು ಇಂಗ್ಲಿಷಿನಲ್ಲಿ ಆಡಿದಳು. ಅಂಕಲ್ ಗಂಟೆ ಬಾರಿಸಿದರು.

“ಅಂಕಲ್, ಅವಳು ಇಂಗ್ಲಿಷಲ್ಲೇ ಹೇಳ್ಲಿ. ನಾನು ಕನ್ನಡದಲ್ಲಿ ಹೇಳ್ತೀನಿ,” ಎಂದೆ.

“ನಿಯಮ ಅಂದ್ರೆ ನಿಯಮ ಕಣಮ್ಮ. ಇವತ್ತು ಇವಳಿಗೆ ಬಿಟ್ರೆ ನಾಳೆ ಎಲ್ರೂ ಇಂಗ್ಲಿಷೇ.”

“ಪುಸ್ತಕಾನೇ ಇಂಗ್ಲಿಷಿನದು. ನೀವು ಹೋಪು, ಮಾಸ್ಟರ್‌ಪೀಸು ಅಂದಾಗ ಗಂಟೆಗೆ ನಿದ್ದೆ ಬಂದಿತ್ತಾ?”

“ಅವು ಬರೀ ಪದ, ವಾಕ್ಯ ಅಲ್ಲ. ಇದು ನಿನ್ನ ಕಾಲೇಜಿನ ಡಿಬೇಟ್ ಅಲ್ಲಮ್ಮ.”

“ಅಲ್ಲಿ ಎದುರಾಳಿಗೂ ಮಾತು ಮುಗಿಸೋಕೆ ಬಿಡ್ತಿದ್ರು ಅಂಕಲ್.”

ನಮ್ಮಿಬ್ಬರ ವಾದದ ನಡುವೆ ಪ್ರಭಾಕರ ಅಂಕಲ್ ಮಗಳ ಕಡೆ ತಿರುಗಿದರು. “ನೀನು ಕೂತ್ಕೊ ಮಾರಾಯ್ತಿ. ಕನ್ನಡದಲ್ಲಿ ಹೇಳ್ಲಿಕ್ಕೆ ಬರುದಿಲ್ಲ ಅಂದ್ಮೇಲೆ ಎದ್ದು ನಿಲ್ಲುದು ಯಾಕೆ? ಎಲ್ಲರೆದುರು ನನ್ನ ಮರ್ಯಾದೆ ತೆಗೀಲಿಕ್ಕಾ?”

ದಿಶಾ ಕೂರಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಟೇಹೋದಳು. ನಾನು ದನಿ ಏರಿಸಿದ್ದು ಆಗ. “ಹೀಗೆ ಓಡಿಸಿದ್ರೆ ಮುಂದಿನ ತಿಂಗಳು ಯಾರಿಗೆ ಕನ್ನಡ ಕಲಿಸ್ತೀರಿ?” ಎಂದು ಕೂಗಿದೆ. ವಿಜಯಾ ಆಂಟಿ ಬೋಂಡಾದ ತಟ್ಟೆ ಹಿಡಿದು ಬಂದು, “ಬಿಸಿ ಆರೋಗತ್ತೆ, ತಗೊಳ್ರಪ್ಪ,” ಎಂದರು.

ನಾನು ಎದ್ದು ಇಳಿದು ಹೋದೆ. ಕೆಳಗೆ ಗೇಟಿನ ಹತ್ತಿರ ದಿಶಾ ಸಿಕ್ಕಳು. ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಅವಳ ಕಾಲೇಜಿನ ಗೆಳತಿ ಸಬೀನಾಳ ಮನೆ ನದಿ ದಡದ ಗಾರ್ಡನ್ ರೀಚಿನ ಒಂದು ಓಣಿಯಲ್ಲಿ. ಆ ಮಳೆಗಾಲದಲ್ಲಿ ನೀರು ನುಗ್ಗಿದಾಗ ಇವಳು ಅಲ್ಲಿಗೆ ಹೋಗಿದ್ದಳು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು, ಮಂಚದ ಮೇಲೆ ಸ್ಟೌ ಇಟ್ಟು, ಸಬೀನಾಳ ಅಮ್ಮ ನೀರಲ್ಲೇ ನಿಂತು ಖಿಚುಡಿ ಮಾಡಿ ಇವಳಿಗೂ ಬಡಿಸಿದ್ದರಂತೆ. “ಈ ಪುಸ್ತಕದಲ್ಲಿ ಆ ಅಮ್ಮ ಶುರುವಿನಲ್ಲೇ ಸತ್ತುಹೋಗ್ತಾರೆ. ಮೇಲಿನವರು ಒಮ್ಮೆಯೂ ಅವರನ್ನ ನೆನೆಯಲ್ಲ. ಓದೋರು ಮೊಳಕೆಗೆ ಅಳ್ತಾರೆ,” ಎಂಬುದು ಅವಳ ಮಾತಿನ ಸಾರ.

ನನಗೆ ಹಿಡಿಸಿದ್ದ ಪುಸ್ತಕ. ಎರಡು ಸಲ ಓದಿದ್ದೆ. ಅವಳ ಮಾತಿಗೆ ಎದುರುವಾದ ಹುಡುಕಿದೆ, ಸಿಗಲಿಲ್ಲ. ಅಂದು ಆ ಕೋಣೆಯಲ್ಲಿ ಪುಸ್ತಕವನ್ನು ನಿಜವಾಗಿ ಓದಿಕೊಂಡು ಬಂದಿದ್ದವಳು ಅವಳೊಬ್ಬಳೇ. ಅವಳ ಬಾಯನ್ನೇ ನಾವು ಮುಚ್ಚಿಸಿದ್ದೆವು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ದಿಶಾ ಆಮೇಲೆ ಬಳಗಕ್ಕೆ ಬರಲಿಲ್ಲ. ಅಷ್ಟಮಿಯ ದಿನ ಪೂಜೆಯ ಪೆಂಡಾಲಿನಲ್ಲಿ ಅಪ್ಪ, ಮಗಳು ಇಬ್ಬರೂ ಸಿಕ್ಕರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಅವಳು ಹಿಂದಿಯಲ್ಲಿ ಉತ್ತರಿಸಿ ಗೆಳತಿಯರ ಕಡೆ ನಡೆದಳು.

“ಕಂಡ್ಯಲ್ಲ,” ಎಂದರು ಪ್ರಭಾಕರ ಅಂಕಲ್. “ನಾನು ಎಷ್ಟು ಬಡ್ಕೊಂಡ್ರೂ ಇವಳಿಗೆ ಕನ್ನಡ ಬೇಡ.”

ಢಾಕಿಗಳ ಡೋಲಿನ ಸದ್ದು ಜೋರಾಗಿತ್ತು. ಅವರ ಹತ್ತಿರ ಸರಿದು ಕೇಳಿದೆ: “ಅಂಕಲ್, ಅವತ್ತು ಅವಳು ಏನು ಹೇಳೋಕೆ ಎದ್ದು ನಿಂತಿದ್ಲು ಅಂತ, ಯಾವ ಭಾಷೇಲಾದ್ರೂ ಸರಿ, ಮನೇಲಿ ಒಂದ್ಸಲ ಕೇಳಿದ್ರಾ?”